ಭಾರತದ ಡೇವಿಸ್ ಕಪ್ ತಂಡ: ಇಂದಿನ ಸ್ಥಿತಿಗತಿ

ಭಾರತದ ಡೇವಿಸ್ ಕಪ್ ತಂಡವು ಪುರುಷರ ಟೆನಿಸ್‌ನ ಅಂತರರಾಷ್ಟ್ರೀಯ ತಂಡ ಸ್ಪರ್ಧೆಯಾದ ಡೇವಿಸ್ ಕಪ್‌ನಲ್ಲಿ ಭಾರತವನ್ನು ಪ್ರತಿನಿಧಿಸುವ ರಾಷ್ಟ್ರೀಯ ತಂಡವಾಗಿದೆ. ಎಐಟಿಎ ಎಂಬ ಹೆಸರಿನಿಂದ ಪರಿಚಿತವಾಗಿರುವ ಅಖಿಲ ಭಾರತ ಟೆನಿಸ್ ಸಂಸ್ಥೆಯು ಈ ತಂಡವನ್ನು ಆಯ್ಕೆ ಮಾಡುತ್ತದೆ. ಭಾರತವು ಈ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಭಾಗವಹಿಸಿದ್ದು 1921ರಲ್ಲಿ. ತಂಡವು 1966, 1974 ಮತ್ತು 1987ರಲ್ಲಿ ಹೀಗೆ ಮೂರು ಬಾರಿ ಫೈನಲ್ ತಲುಪಿದೆಯಾದರೂ ಒಮ್ಮೆಯೂ ಕಪ್ ಗೆದ್ದಿಲ್ಲ. 2011ರ ನಂತರ ತಂಡವು ಸ್ಪರ್ಧೆಯ ಅತ್ಯುನ್ನತ ಹಂತದಲ್ಲಿ ಆಡಿಲ್ಲ. 2023ರಲ್ಲಿ ಅದು ವರ್ಲ್ಡ್ ಗ್ರೂಪ್ ಎರಡನೆಯ ಹಂತಕ್ಕೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್ ತಂಡವನ್ನು ಅದರದೇ ನೆಲದಲ್ಲಿ 3–1ರಿಂದ ಸೋಲಿಸಿ ಮತ್ತೆ ಮೇಲೇರಿತು. ಈ ಏಳುಬೀಳುಗಳ ಹಿಂದಿನ ಕಾರಣಗಳನ್ನು, ಮುಖ್ಯವಾಗಿ ಡಬಲ್ಸ್‌ನಲ್ಲಿ ಪ್ರಬಲವಾಗಿರುವ ದೇಶವೊಂದು ಸಿಂಗಲ್ಸ್ ಆಟಗಾರರ ಕೊರತೆಯಿಂದ ಹಿಂದುಳಿದ ಬಗೆಯನ್ನು, 2025ರ ಅಂತ್ಯದವರೆಗಿನ ಬೆಳವಣಿಗೆಗಳ ಆಧಾರದಲ್ಲಿ ಈ ಲೇಖನವು ಪರಿಶೀಲಿಸುತ್ತದೆ.

ಸ್ಪರ್ಧೆಯ ಸ್ವರೂಪ

ಡೇವಿಸ್ ಕಪ್ 1900ರಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವಿನ ಸ್ಪರ್ಧೆಯಾಗಿ ಆರಂಭವಾಯಿತು. ಇದರಲ್ಲಿ ಎರಡು ದೇಶಗಳ ನಡುವಿನ ಒಟ್ಟು ಸೆಣಸಾಟವನ್ನು ಒಂದು ಮುಖಾಮುಖಿ ಎಂದು ಪರಿಗಣಿಸಬಹುದು. ಒಂದು ಮುಖಾಮುಖಿಯಲ್ಲಿ ಐದು ಪಂದ್ಯಗಳಿರುತ್ತವೆ: ನಾಲ್ಕು ಸಿಂಗಲ್ಸ್ ಮತ್ತು ಒಂದು ಡಬಲ್ಸ್. ಮೊದಲು ಮೂರು ಪಂದ್ಯಗಳನ್ನು ಗೆದ್ದ ದೇಶವು ವಿಜಯಿಯಾಗುತ್ತದೆ. ಫಲಿತಾಂಶ ನಿರ್ಧಾರವಾದ ಬಳಿಕ ಉಳಿದ ಪಂದ್ಯವನ್ನು ಆಡಬಹುದು ಅಥವಾ ಕೈಬಿಡಬಹುದು. ಆತಿಥೇಯ ದೇಶಕ್ಕೆ ತಾಣವನ್ನೂ ಅಂಕಣದ ಬಗೆಯನ್ನೂ ಆರಿಸುವ ಹಕ್ಕಿದೆ. ಹೀಗಾಗಿ ಹುಲ್ಲಿನ ಅಂಕಣ, ಆವೆಮಣ್ಣಿನ ಅಂಕಣ ಅಥವಾ ಗಟ್ಟಿ ಅಂಕಣ ಎಂಬ ಆಯ್ಕೆಯೇ ಎಷ್ಟೋ ಸಲ ಫಲಿತಾಂಶದ ಮೇಲೆ ಪ್ರಭಾವ ಬೀರುತ್ತದೆ.

ಈ ನಿಯಮದ ಲೆಕ್ಕಾಚಾರವು ಭಾರತದ ಮಟ್ಟಿಗೆ ಬಹಳ ಮುಖ್ಯವಾದುದು. ಜಗತ್ತಿನ ಅತ್ಯುತ್ತಮ ಡಬಲ್ಸ್ ಜೋಡಿಯನ್ನು ಹೊಂದಿರುವ ದೇಶಕ್ಕೂ ಆ ಜೋಡಿಯಿಂದ ದೊರೆಯುವುದು ಒಂದೇ ಅಂಕ. ಗೆಲ್ಲಲು ಬೇಕಾದ ಇನ್ನೆರಡು ಅಂಕಗಳು ಸಿಂಗಲ್ಸ್‌ನಿಂದಲೇ ಬರಬೇಕು. ಸಾಮಾನ್ಯವಾಗಿ ಇಬ್ಬರು ಆಟಗಾರರು ತಲಾ ಎರಡು ಸಿಂಗಲ್ಸ್ ಆಡುವುದರಿಂದ, ಎದುರಾಳಿ ತಂಡದಲ್ಲಿ ಒಬ್ಬ ಅಗ್ರಮಾನ್ಯ ಆಟಗಾರನಿದ್ದರೆ ಎರಡು ಅಂಕಗಳು ಬಹುಮಟ್ಟಿಗೆ ಅವನ ಪಾಲಾಗುತ್ತವೆ. ಆಗ ಉಳಿದ ಮೂರು ಪಂದ್ಯಗಳನ್ನೂ ಗೆಲ್ಲದೆ ಬೇರೆ ದಾರಿ ಇರುವುದಿಲ್ಲ.

ಹಿನ್ನೆಲೆ: ಮೂರು ಫೈನಲ್‌ಗಳು

ಭಾರತದ ಮೂರೂ ಫೈನಲ್‌ಗಳು ಸಿಂಗಲ್ಸ್ ಬಲದ ಮೇಲೆ ನಿಂತಿದ್ದವು. 1960 ಮತ್ತು 1961ರಲ್ಲಿ ವಿಂಬಲ್ಡನ್ ಸಿಂಗಲ್ಸ್ ಸೆಮಿಫೈನಲ್ ತಲುಪಿದ್ದ ರಾಮನಾಥನ್ ಕೃಷ್ಣನ್ 1966ರ ತಂಡದ ಆಧಾರಸ್ತಂಭವಾಗಿದ್ದರು. ಕಲ್ಕತ್ತಾದಲ್ಲಿ ಬ್ರೆಜಿಲ್ ವಿರುದ್ಧ ನಡೆದ ಮುಖಾಮುಖಿಯ ನಿರ್ಣಾಯಕ ಪಂದ್ಯದಲ್ಲಿ ಅವರು ಥಾಮಸ್ ಕಾಕ್ ಎದುರು ಸೋಲಿನ ಅಂಚಿನಿಂದ ಚೇತರಿಸಿಕೊಂಡು ಗೆದ್ದದ್ದು ಭಾರತೀಯ ಟೆನಿಸ್ ಚರಿತ್ರೆಯ ಪ್ರಮುಖ ಘಟನೆಗಳಲ್ಲಿ ಒಂದು. ಮೆಲ್ಬರ್ನ್‌ನಲ್ಲಿ ನಡೆದ ಫೈನಲ್‌ನಲ್ಲಿ ಭಾರತವು ಆಸ್ಟ್ರೇಲಿಯಕ್ಕೆ 1–4ರಿಂದ ಮಣಿಯಿತು. ಅಲ್ಲಿ ಗೆದ್ದ ಏಕೈಕ ಪಂದ್ಯ ಡಬಲ್ಸ್; ಕೃಷ್ಣನ್ ಮತ್ತು ಜಯದೀಪ್ ಮುಖರ್ಜಿ ಅವರು ಜಾನ್ ನ್ಯೂಕೂಂಬ್ ಮತ್ತು ಟೋನಿ ರೋಚ್ ಜೋಡಿಯನ್ನು ಸೋಲಿಸಿದ್ದರು.

1974ರಲ್ಲಿ ವಿಜಯ್ ಅಮೃತರಾಜ್ ಮತ್ತು ಆನಂದ್ ಅಮೃತರಾಜ್ ಸಹೋದರರಿದ್ದ ತಂಡವು ಕಲ್ಕತ್ತಾದಲ್ಲಿ ಆಸ್ಟ್ರೇಲಿಯವನ್ನೂ ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಫೈನಲ್ ಪ್ರವೇಶಿಸಿತು. ಎದುರಾಳಿ ದಕ್ಷಿಣ ಆಫ್ರಿಕ. ಆ ದೇಶದ ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತವು ಫೈನಲ್ ಆಡಲು ನಿರಾಕರಿಸಿತು. ದಕ್ಷಿಣ ಆಫ್ರಿಕಕ್ಕೆ ವಾಕ್‌ಓವರ್ ಮೂಲಕ ಕಪ್ ದೊರೆಯಿತು. ಡೇವಿಸ್ ಕಪ್ ಫೈನಲ್ ಒಂದು ಆಟವಿಲ್ಲದೆ ನಿರ್ಧಾರವಾದ ಏಕೈಕ ಸಂದರ್ಭ ಇದು.

1987ರ ತಂಡದಲ್ಲಿ ವಿಜಯ್ ಅಮೃತರಾಜ್ ಅವರ ಜೊತೆಗೆ ರಾಮನಾಥನ್ ಕೃಷ್ಣನ್ ಅವರ ಮಗ ರಮೇಶ್ ಕೃಷ್ಣನ್ ಇದ್ದರು. ದೆಹಲಿಯಲ್ಲಿ ಅರ್ಜೆಂಟೀನದ ಮಾರ್ಟಿನ್ ಹೈಟೆ ಎದುರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ವಿಜಯ್ ಗೆದ್ದರು. ಸಿಡ್ನಿಯ ಹುಲ್ಲಿನ ಅಂಕಣದಲ್ಲಿ ನಡೆದ ಸೆಮಿಫೈನಲ್‌ನಲ್ಲಿ ರಮೇಶ್ ಅವರು ಕೊನೆಯ ಪಂದ್ಯದಲ್ಲಿ ವಾಲಿ ಮಸೂರ್ ಅವರನ್ನು ಸೋಲಿಸಿ ಆಸ್ಟ್ರೇಲಿಯದ ವಿರುದ್ಧ 3–2ರ ಜಯ ತಂದುಕೊಟ್ಟರು. ಗೋಥೆನ್‌ಬರ್ಗ್‌ನಲ್ಲಿ ಸ್ವೀಡನ್ ಆರಿಸಿಕೊಂಡದ್ದು ಆವೆಮಣ್ಣಿನ ಅಂಕಣ. ಅಲ್ಲಿ ಭಾರತವು 0–5ರಿಂದ ಸೋತಿತು. ತವರಿನ ಅಥವಾ ಹೊರಗಿನ ಹುಲ್ಲಿನ ಮೇಲೆ ದೊಡ್ಡ ತಂಡಗಳನ್ನು ಮಣಿಸಬಲ್ಲ ಭಾರತವು ಬೇರೆ ಅಂಕಣಗಳಲ್ಲಿ ತಡವರಿಸುತ್ತದೆ ಎಂಬ ಮಾತಿಗೆ ಈ ಫೈನಲ್ ಒಂದು ನಿದರ್ಶನವಾಗಿ ಉಳಿಯಿತು.

ಪೇಸ್ ಯುಗ ಮತ್ತು ಡಬಲ್ಸ್‌ನತ್ತ ಒಲವು

1990ರಲ್ಲಿ ತಂಡಕ್ಕೆ ಬಂದ ಲಿಯಾಂಡರ್ ಪೇಸ್ ಮುಂದಿನ ಮೂರು ದಶಕಗಳ ಕಾಲ ಭಾರತದ ಡೇವಿಸ್ ಕಪ್ ಹೋರಾಟದ ಕೇಂದ್ರಬಿಂದುವಾಗಿದ್ದರು. 1993ರಲ್ಲಿ ಕಲ್ಕತ್ತಾದಲ್ಲಿ ಸ್ವಿಟ್ಜರ್ಲೆಂಡ್ ತಂಡವನ್ನೂ ಫ್ರಾನ್ಸ್‌ನ ಫ್ರೆಜೂಸ್‌ನಲ್ಲಿ ಆತಿಥೇಯರನ್ನೂ ತಲಾ 3–2ರಿಂದ ಸೋಲಿಸಿದ ಭಾರತವು ಸೆಮಿಫೈನಲ್ ತಲುಪಿ, ಚಂಡೀಗಢದಲ್ಲಿ ಆಸ್ಟ್ರೇಲಿಯಕ್ಕೆ ಶರಣಾಯಿತು. 1995ರಲ್ಲಿ ದೆಹಲಿಯಲ್ಲಿ ಕ್ರೊಯೇಷಿಯದ ಗೊರಾನ್ ಇವಾನಿಸೆವಿಚ್ ಎದುರು ಮೊದಲೆರಡು ಸೆಟ್ ಕಳೆದುಕೊಂಡೂ ಪೇಸ್ ಗೆದ್ದರು. 1996ರಲ್ಲಿ ಜೈಪುರದ ಹುಲ್ಲಿನ ಅಂಕಣದಲ್ಲಿ ನೆದರ್ಲೆಂಡ್ಸ್ ತಂಡವನ್ನು 3–2ರಿಂದ ಮಣಿಸಿದ್ದು ಇದೇ ಕಾಲದ ಸಾಧನೆ. ತಮಗಿಂತ ಬಹಳ ಮೇಲಿನ ರ‍್ಯಾಂಕಿಂಗ್‌ನವರನ್ನು ಡೇವಿಸ್ ಕಪ್ ಸಿಂಗಲ್ಸ್‌ನಲ್ಲಿ ಸೋಲಿಸುವುದು ಪೇಸ್ ಅವರ ವೈಶಿಷ್ಟ್ಯವಾಗಿತ್ತು.

ಮಹೇಶ್ ಭೂಪತಿ ಅವರೊಂದಿಗೆ ಪೇಸ್ ಕಟ್ಟಿದ ಜೋಡಿಯು 1997ರಿಂದ 2010ರವರೆಗೆ ಡೇವಿಸ್ ಕಪ್‌ನಲ್ಲಿ ಸತತ 24 ಡಬಲ್ಸ್ ಪಂದ್ಯಗಳನ್ನು ಗೆದ್ದು ದಾಖಲೆ ಬರೆಯಿತು. 2018ರಲ್ಲಿ ಚೀನಾದ ತಿಯಾನ್‌ಜಿನ್‌ನಲ್ಲಿ 43ನೆಯ ಡಬಲ್ಸ್ ಜಯ ಸಾಧಿಸಿದ ಪೇಸ್, ಇಟಲಿಯ ನಿಕೋಲಾ ಪಿಯೆಟ್ರಾಂಜೆಲಿ ಅವರನ್ನು ಹಿಂದಿಕ್ಕಿ ಸ್ಪರ್ಧೆಯ ಇತಿಹಾಸದಲ್ಲೇ ಅತಿಹೆಚ್ಚು ಡಬಲ್ಸ್ ಪಂದ್ಯ ಗೆದ್ದ ಆಟಗಾರರಾದರು.

ಆದರೆ ಈ ಯಶಸ್ಸಿನ ನೆರಳಿನಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ಪೇಸ್ ಕ್ರಮೇಣ ಸಿಂಗಲ್ಸ್‌ನಿಂದ ದೂರವಾದಂತೆ ಅವರ ಸ್ಥಾನವನ್ನು ತುಂಬುವವರು ಸಿಗಲಿಲ್ಲ. ಡಬಲ್ಸ್ ಅಂಕವೊಂದು ಖಚಿತ ಎಂಬ ನಂಬಿಕೆಯ ಮೇಲೆ ತಂಡವನ್ನು ಕಟ್ಟುವ ರೂಢಿ ಬೆಳೆಯಿತು.

2010–2018: ಹೊಸ್ತಿಲಲ್ಲೇ ನಿಂತ ತಂಡ

ಈ ಕೊರತೆಯನ್ನು ಸ್ವಲ್ಪ ಕಾಲ ನೀಗಿಸಿದವರು ಸೋಮ್‌ದೇವ್ ದೇವವರ್ಮನ್. ಅಮೆರಿಕದ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ಆಡಿ 2007 ಮತ್ತು 2008ರ ಎನ್‌ಸಿಎಎ ಸಿಂಗಲ್ಸ್ ಪ್ರಶಸ್ತಿ ಗೆದ್ದಿದ್ದ ಅವರು 2009ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧದ ಜಯದಲ್ಲಿ ಪ್ರಮುಖ ಪಾತ್ರ ವಹಿಸಿದರು. ಇದರಿಂದ ಭಾರತವು 1998ರ ನಂತರ ಮೊದಲ ಬಾರಿಗೆ, 2010ರಲ್ಲಿ, ವರ್ಲ್ಡ್ ಗ್ರೂಪ್‌ನಲ್ಲಿ ಆಡುವ ಅರ್ಹತೆ ಪಡೆಯಿತು. ಅದೇ ವರ್ಷ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ 0–2ರ ಹಿನ್ನಡೆಯಿಂದ ಚೇತರಿಸಿಕೊಂಡು 3–2ರಿಂದ ಗೆದ್ದು ಸ್ಥಾನ ಉಳಿಸಿಕೊಂಡಿತು. 2011ರಲ್ಲಿ ನೋವಿ ಸಾದ್‌ನಲ್ಲಿ ಸರ್ಬಿಯಕ್ಕೂ ಟೋಕಿಯೊದಲ್ಲಿ ಜಪಾನ್‌ಗೂ ಸೋತು ಕೆಳಗಿಳಿಯಿತು.

ಅನಂತರ 2014ರಿಂದ 2018ರವರೆಗೆ ಸತತ ಐದು ವರ್ಷ ಭಾರತವು ವರ್ಲ್ಡ್ ಗ್ರೂಪ್ ಪ್ಲೇಆಫ್ ತಲುಪಿತು. ಐದು ಬಾರಿಯೂ ಸೋತಿತು.

• 2014, ಬೆಂಗಳೂರು: ಸರ್ಬಿಯ ವಿರುದ್ಧ 2–3
• 2015, ದೆಹಲಿ: ಜೆಕ್ ಗಣರಾಜ್ಯದ ವಿರುದ್ಧ 1–3
• 2016, ದೆಹಲಿ: ಸ್ಪೇನ್ ವಿರುದ್ಧ 0–5
• 2017, ಎಡ್ಮಂಟನ್: ಕೆನಡ ವಿರುದ್ಧ 2–3
• 2018, ಕ್ರಾಲ್ಯೆವೊ: ಸರ್ಬಿಯ ವಿರುದ್ಧ 0–4

ಈ ಐದು ಮುಖಾಮುಖಿಗಳಲ್ಲಿ ಭಾರತ ಗೆದ್ದ ಪಂದ್ಯಗಳು ಒಟ್ಟು ಐದು. ಅವುಗಳಲ್ಲಿ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಬೆಂಗಳೂರಿನಲ್ಲಿ ಪೇಸ್ ಮತ್ತು ರೋಹನ್ ಬೋಪಣ್ಣ ಮೊದಲೆರಡು ಸೆಟ್ ಸೋತೂ ಗೆದ್ದ ಪಂದ್ಯವೇ ಆ ಒಂದು ಡಬಲ್ಸ್ ಜಯ. ತಂಡದ ಖಚಿತ ಅಂಕವೆಂದು ಭಾವಿಸಲಾಗಿದ್ದ ಡಬಲ್ಸ್ ಕೂಡ ಬಲಾಢ್ಯ ಎದುರಾಳಿಗಳ ಮುಂದೆ ಖಚಿತವಾಗಿರಲಿಲ್ಲ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಉನ್ನತ ದರ್ಜೆಯ ಸಿಂಗಲ್ಸ್ ಆಟಗಾರರು ಅಗತ್ಯ ಬಿದ್ದಾಗ ಡಬಲ್ಸ್ ಕೂಡ ಆಡಬಲ್ಲರು. 2016ರಲ್ಲಿ ರಫೆಲ್ ನಡಾಲ್ ದೆಹಲಿಯಲ್ಲಿ ಆಡಿದ್ದು ಡಬಲ್ಸ್ ಪಂದ್ಯವನ್ನೇ. ಡಬಲ್ಸ್‌ನಲ್ಲಿ ಮಾತ್ರ ಪರಿಣತರಾದವರು ಸಿಂಗಲ್ಸ್ ಆಡಿ ಗೆಲ್ಲುವುದು ಅಷ್ಟು ಸುಲಭವಲ್ಲ.

ಸ್ವರೂಪದ ಬದಲಾವಣೆ

2018ರ ಆಗಸ್ಟ್‌ನಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಸಭೆಯು ಡೇವಿಸ್ ಕಪ್ ಸ್ವರೂಪವನ್ನು ಬದಲಿಸಲು ಒಪ್ಪಿತು. ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆ ಅವರ ಕಾಸ್ಮಾಸ್ ಸಂಸ್ಥೆಯೊಂದಿಗೆ 25 ವರ್ಷಗಳ ಒಪ್ಪಂದ ಏರ್ಪಟ್ಟಿತಾದರೂ 2023ರ ಜನವರಿಯಲ್ಲೇ ಅದು ಮುರಿದುಬಿತ್ತು. 2019ರಿಂದ ಅಂತಿಮ ಹಂತದ ಪಂದ್ಯಗಳೆಲ್ಲ ಒಂದೇ ತಾಣದಲ್ಲಿ ಒಟ್ಟಾಗಿ ನಡೆಯತೊಡಗಿದವು. ಕೆಳಗಿನ ಹಂತಗಳನ್ನು ವರ್ಲ್ಡ್ ಗ್ರೂಪ್ ಒಂದು, ವರ್ಲ್ಡ್ ಗ್ರೂಪ್ ಎರಡು ಎಂದು ಮರುವಿಂಗಡಿಸಲಾಯಿತು. ಮೂರು ದಿನಗಳ, ಐದು ಸೆಟ್‌ಗಳ ಪಂದ್ಯಗಳ ಬದಲಿಗೆ ಎರಡು ದಿನಗಳ, ಮೂರು ಸೆಟ್‌ಗಳ ಪಂದ್ಯಗಳು ಬಂದವು.

ಈ ಬದಲಾವಣೆಯು ಭಾರತಕ್ಕೆ ಎರಡು ಬಗೆಯಲ್ಲಿ ಪರಿಣಮಿಸಿತು. ಮೊದಲನೆಯದಾಗಿ, ಏಷ್ಯಾ–ಓಷಿಯಾನಿಯ ವಲಯದ ರಕ್ಷಣೆ ಇಲ್ಲವಾಯಿತು. ಹಿಂದೆ ವಲಯದೊಳಗಿನ ತಂಡಗಳನ್ನು ಗೆದ್ದು ಪ್ಲೇಆಫ್ ತಲುಪುತ್ತಿದ್ದ ತಂಡವು ಈಗ ಮಧ್ಯದ ಹಂತದಲ್ಲೇ ಕ್ರೊಯೇಷಿಯ, ಫಿನ್ಲೆಂಡ್, ನಾರ್ವೆ, ಡೆನ್ಮಾರ್ಕ್‌ನಂತಹ ಯುರೋಪಿನ ತಂಡಗಳನ್ನು ಎದುರಿಸಬೇಕಾಯಿತು. ಎರಡನೆಯದಾಗಿ, ಮೂರು ಸೆಟ್‌ಗಳ ಪಂದ್ಯದಲ್ಲಿ ಕೆಳಗಿನ ರ‍್ಯಾಂಕಿಂಗ್‌ನ ಆಟಗಾರನೂ ಒಂದು ಒಳ್ಳೆಯ ದಿನದ ಬಲದಿಂದ ಗೆಲ್ಲಬಹುದು. ಐದು ಸೆಟ್‌ಗಳ ದೀರ್ಘ ಹೋರಾಟದಲ್ಲಿ ಆ ಸಾಧ್ಯತೆ ಕಡಿಮೆ. ಹೀಗಾಗಿ ಹೊಸ ಸ್ವರೂಪವು ಭಾರತಕ್ಕೆ ಎದುರಾಳಿಗಳನ್ನು ಕಠಿಣಗೊಳಿಸಿದರೂ ಅನಿರೀಕ್ಷಿತ ಜಯದ ಬಾಗಿಲನ್ನೂ ತೆರೆದಿಟ್ಟಿತು.

2019–2023: ಇಳಿಕೆಯ ವರ್ಷಗಳು

2019ರ ಫೆಬ್ರವರಿಯಲ್ಲಿ ಕೋಲ್ಕತ್ತದ ಸೌತ್ ಕ್ಲಬ್‌ನ ಹುಲ್ಲಿನ ಅಂಕಣದಲ್ಲಿ ಇಟಲಿ ವಿರುದ್ಧ ಭಾರತವು 1–3ರಿಂದ ಸೋತಿತು. ಗೆದ್ದ ಏಕೈಕ ಪಂದ್ಯ ಬೋಪಣ್ಣ ಮತ್ತು ದಿವಿಜ್ ಶರಣ್ ಆಡಿದ ಡಬಲ್ಸ್. ಮರುವರ್ಷದ ಮಾರ್ಚ್‌ನಲ್ಲಿ ಜಾಗ್ರೆಬ್‌ನಲ್ಲಿ ಕ್ರೊಯೇಷಿಯ ವಿರುದ್ಧವೂ ಫಲಿತಾಂಶ 1–3 ಆಗಿತ್ತು. ಅಲ್ಲಿಯೂ ಗೆದ್ದದ್ದು ಪೇಸ್ ಮತ್ತು ಬೋಪಣ್ಣ ಆಡಿದ ಡಬಲ್ಸ್ ಮಾತ್ರ. 2021ರಲ್ಲಿ ಎಸ್ಪೊದಲ್ಲಿ ಫಿನ್ಲೆಂಡ್‌ಗೆ 1–3ರಿಂದ ಸೋತಾಗ ಡಬಲ್ಸ್ ಕೂಡ ಕೈತಪ್ಪಿತು.

ಡೆನ್ಮಾರ್ಕ್ ವಿರುದ್ಧದ ಎರಡು ಮುಖಾಮುಖಿಗಳು ತಂಡದ ಸ್ಥಿತಿಯನ್ನು ಸ್ಪಷ್ಟವಾಗಿ ತೋರಿಸುತ್ತವೆ. 2022ರ ಮಾರ್ಚ್‌ನಲ್ಲಿ ದೆಹಲಿ ಜಿಮ್ಖಾನಾದ ಹುಲ್ಲಿನ ಅಂಕಣದಲ್ಲಿ ಭಾರತವು 4–0ರಿಂದ ಗೆದ್ದಿತು. ಡೆನ್ಮಾರ್ಕ್‌ನ ಅಗ್ರ ಆಟಗಾರ ಹೋಲ್ಗರ್ ರೂನ್ ಆ ತಂಡದಲ್ಲಿ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಹಿಲ್ಲೆರೋಡ್‌ನಲ್ಲಿ ರೂನ್ ಆಡಿದರು. ಭಾರತವು 2–3ರಿಂದ ಸೋತು, ಹೊಸ ಸ್ವರೂಪದಲ್ಲಿ ಮೊದಲ ಬಾರಿಗೆ ವರ್ಲ್ಡ್ ಗ್ರೂಪ್ ಎರಡಕ್ಕೆ ಇಳಿಯಿತು. ಎದುರಾಳಿಯಲ್ಲಿ ಒಬ್ಬ ಪ್ರಬಲ ಸಿಂಗಲ್ಸ್ ಆಟಗಾರನ ಇರುವಿಕೆ ಮತ್ತು ಅಂಕಣದ ಬದಲಾವಣೆ ಸೇರಿ ಒಂದೇ ವರ್ಷದಲ್ಲಿ ಫಲಿತಾಂಶವನ್ನು ತಿರುವುಮುರುವು ಮಾಡಿದವು.

2023ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಮೊರಾಕ್ಕೊ ವಿರುದ್ಧ ಭಾರತವು 4–1ರಿಂದ ಜಯಗಳಿಸಿತು. 2002ರಲ್ಲಿ ಪದಾರ್ಪಣೆ ಮಾಡಿದ್ದ ಬೋಪಣ್ಣ ಅವರಿಗೆ ಇದು 33ನೆಯ ಹಾಗೂ ಕೊನೆಯ ಡೇವಿಸ್ ಕಪ್ ಮುಖಾಮುಖಿಯಾಗಿತ್ತು.

ಸಿಂಗಲ್ಸ್ ಆಟಗಾರರು ವಿರಳವಾಗಲು ಕಾರಣಗಳು

ಟೆನಿಸ್ ವೈಯಕ್ತಿಕ ವೆಚ್ಚದ ಮೇಲೆ ನಡೆಯುವ ವೃತ್ತಿ. ತರಬೇತುದಾರ, ಫಿಸಿಯೊ, ಪ್ರಯಾಣ ಮತ್ತು ವಸತಿಯ ಖರ್ಚನ್ನು ಆಟಗಾರನೇ ಭರಿಸಬೇಕು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 128 ಆಟಗಾರರಿಗೆ ಅವಕಾಶವಿದ್ದು, ಅವರಲ್ಲಿ ಬಹುಪಾಲು ಜನರಿಗೆ ರ‍್ಯಾಂಕಿಂಗ್ ಆಧಾರದ ನೇರ ಪ್ರವೇಶ ಸಿಗುತ್ತದೆ. ಆ ಮಟ್ಟದ ರ‍್ಯಾಂಕಿಂಗ್ ಇಲ್ಲದವರು ಚಾಲೆಂಜರ್ ಟೂರ್ನಿಗಳಲ್ಲಿ ಆಡುತ್ತ, ಅಲ್ಪ ಬಹುಮಾನದಲ್ಲೇ ಖರ್ಚು ತೂಗಿಸಬೇಕಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ದೇಶದ ಅಗ್ರ ಸಿಂಗಲ್ಸ್ ಆಟಗಾರ ಸುಮಿತ್ ನಗಾಲ್, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ ಮಾತ್ರ ಎಂದು ಸಂದರ್ಶನವೊಂದರಲ್ಲಿ ಹೇಳಿದ್ದರು. ಮುಂದಿನ ಜನವರಿಯಲ್ಲಿ ಅವರು ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯ ಪುರುಷ ಆಟಗಾರರೊಬ್ಬರು ಶ್ರೇಯಾಂಕಿತರನ್ನು ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಅವರ ಬಳಿಕ ಅದೇ ಮೊದಲು. ಅದೇ ವರ್ಷ ನಗಾಲ್ ವಿಶ್ವ ರ‍್ಯಾಂಕಿಂಗ್‌ನಲ್ಲಿ 68ನೆಯ ಸ್ಥಾನಕ್ಕೆ ಏರಿದರು. ಆ ಸ್ಥಾನವನ್ನು ಉಳಿಸಿಕೊಳ್ಳಲು ಅವರಿಗೆ ಸಾಧ್ಯವಾಗಲಿಲ್ಲ.

ಇದಕ್ಕೆ ಹೋಲಿಸಿದರೆ ಡಬಲ್ಸ್ ವೃತ್ತಿಜೀವನವು ದೀರ್ಘವಾದುದು ಮತ್ತು ದೇಹಕ್ಕೆ ಕಡಿಮೆ ದಣಿವಿನದು. ಯೂಕಿ ಭಾಂಬ್ರಿ ಅವರ ಹಾದಿ ಇದಕ್ಕೆ ಉದಾಹರಣೆ. 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಬಾಲಕರ ಸಿಂಗಲ್ಸ್ ಪ್ರಶಸ್ತಿ ಗೆದ್ದ ಅವರು 2018ರಲ್ಲಿ ಸಿಂಗಲ್ಸ್ ರ‍್ಯಾಂಕಿಂಗ್‌ನಲ್ಲಿ 83ನೆಯ ಸ್ಥಾನ ತಲುಪಿದ್ದರು. ಗಾಯಗಳು ಕಾಡಿದ ನಂತರ ಡಬಲ್ಸ್‌ಗೆ ಹೊರಳಿ, 2025ರ ಅಮೆರಿಕ ಓಪನ್‌ನಲ್ಲಿ ಮೈಕೆಲ್ ವೀನಸ್ ಜೊತೆ ಸೆಮಿಫೈನಲ್ ತಲುಪಿದರು. ಬೋಪಣ್ಣ 2024ರಲ್ಲಿ ತಮ್ಮ 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ವಿಶ್ವದ ಒಂದನೆಯ ಕ್ರಮಾಂಕಕ್ಕೆ ಏರಿದರು. ಆಟಗಾರರ ದೃಷ್ಟಿಯಿಂದ ಈ ಆಯ್ಕೆ ಸಮಂಜಸವೇ ಆಗಿದೆ. ಆದರೆ ಹೀಗೆ ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದ ನಿರ್ಧಾರ ಕೈಗೊಂಡಾಗ, ನಾಲ್ಕು ಸಿಂಗಲ್ಸ್ ಪಂದ್ಯಗಳಿರುವ ಸ್ಪರ್ಧೆಯಲ್ಲಿ ದೇಶದ ತಂಡ ಬಡವಾಗುತ್ತದೆ.

ದೇಶದೊಳಗಿನ ಟೂರ್ನಿಗಳ ಕೊರತೆ ಮತ್ತೊಂದು ಕಾರಣ. 1997ರಿಂದ 2017ರವರೆಗೆ ಚೆನ್ನೈನಲ್ಲಿ, ಅನಂತರ 2023ರವರೆಗೆ ಪುಣೆಯಲ್ಲಿ ನಡೆಯುತ್ತಿದ್ದ ಎಟಿಪಿ ಟೂರ್ ಮಟ್ಟದ ಟೂರ್ನಿಯು ಭಾರತದ ಕೈತಪ್ಪಿತು. ಈಗ ಉಳಿದಿರುವುದು ಚಾಲೆಂಜರ್ ಮತ್ತು ಅದಕ್ಕಿಂತ ಕೆಳಹಂತದ ಟೂರ್ನಿಗಳು. ಯುರೋಪಿನ ಆಟಗಾರನೊಬ್ಬ ರೈಲಿನಲ್ಲಿ ಪಯಣಿಸಿ ವಾರಕ್ಕೊಂದು ಟೂರ್ನಿ ಆಡಬಲ್ಲ. ಭಾರತದ ಆಟಗಾರ ರ‍್ಯಾಂಕಿಂಗ್ ಅಂಕಗಳಿಗಾಗಿ ತಿಂಗಳುಗಟ್ಟಲೆ ದೇಶದ ಹೊರಗೆ ಇರಬೇಕಾಗುತ್ತದೆ.

ಆಟಗಾರರು ಮತ್ತು ಆಡಳಿತದ ನಡುವಿನ ಸಂಬಂಧ

ಆಟಗಾರರ ಸಂಖ್ಯೆ ಕಡಿಮೆ ಇರುವ ತಂಡದಲ್ಲಿ ಒಬ್ಬರು ಗೈರುಹಾಜರಾದರೂ ಪರಿಣಾಮ ದೊಡ್ಡದು. ಭಾರತದಲ್ಲಿ ಗೈರುಹಾಜರಿಗೆ ಗಾಯದಷ್ಟೇ ಭಿನ್ನಾಭಿಪ್ರಾಯಗಳೂ ಕಾರಣವಾಗಿವೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಪೇಸ್ ಜೊತೆ ಆಡಲು ಭೂಪತಿ ಮತ್ತು ಬೋಪಣ್ಣ ಒಪ್ಪದೆ ಹೋದದ್ದು ವಿವಾದಕ್ಕೆ ಕಾರಣವಾಯಿತು. ಬಳಿಕ ಸಂಸ್ಥೆಯು ಅವರಿಬ್ಬರನ್ನು ಎರಡು ವರ್ಷ ಆಯ್ಕೆಯಿಂದ ದೂರವಿಟ್ಟಾಗ ಕರ್ನಾಟಕ ಹೈಕೋರ್ಟ್ ಆ ಕ್ರಮಕ್ಕೆ ತಡೆ ನೀಡಿತು. 2013ರ ಆರಂಭದಲ್ಲಿ ಸೌಲಭ್ಯ ಮತ್ತು ಸಂಭಾವನೆಯ ಬೇಡಿಕೆಗಳನ್ನು ಮುಂದಿಟ್ಟು ಪ್ರಮುಖ ಆಟಗಾರರು ದಕ್ಷಿಣ ಕೊರಿಯ ವಿರುದ್ಧದ ಮುಖಾಮುಖಿಯನ್ನು ಬಹಿಷ್ಕರಿಸಿದರು. ಹೊಸಬರನ್ನು ಸಿಂಗಲ್ಸ್‌ನಲ್ಲಿ ಆಡಿಸಿದ ಭಾರತ 1–4ರಿಂದ ಸೋತಿತು. ಆಗಲೂ ಗೆದ್ದದ್ದು ಪೇಸ್ ಮತ್ತು ಪೂರವ್ ರಾಜಾ ಆಡಿದ ಡಬಲ್ಸ್ ಒಂದೇ.

2019ರಲ್ಲಿ ಪಾಕಿಸ್ತಾನಕ್ಕೆ ಹೋಗಲು ಹಲವು ಆಟಗಾರರು ಭದ್ರತೆಯ ಕಾರಣದಿಂದ ಹಿಂಜರಿದಾಗ ನಾಯಕತ್ವವು ಭೂಪತಿ ಅವರಿಂದ ರೋಹಿತ್ ರಾಜ್‌ಪಾಲ್ ಅವರಿಗೆ ಹೋಯಿತು. ಕಡೆಗೆ ಆ ಮುಖಾಮುಖಿ ಕಜಕಸ್ತಾನದಲ್ಲಿ ನಡೆದು ಭಾರತ 4–0ರಿಂದ ಗೆದ್ದಿತು. 2024ರ ಫೆಬ್ರವರಿಯಲ್ಲಿ ತಂಡವು ಇಸ್ಲಾಮಾಬಾದ್‌ಗೆ ಹೋಗಿ 4–0ರಿಂದಲೇ ಗೆದ್ದು ಬಂದಿತು. ಭಾರತದ ಡೇವಿಸ್ ಕಪ್ ತಂಡ ಪಾಕಿಸ್ತಾನದಲ್ಲಿ ಆಡಿದ್ದು 1964ರ ನಂತರ ಅದೇ ಮೊದಲು.

2024ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ ಪ್ರವಾಸದ ವೇಳೆ ಭಿನ್ನಾಭಿಪ್ರಾಯ ಬಹಿರಂಗವಾಯಿತು. ನಗಾಲ್ ಬೆನ್ನುನೋವಿನಿಂದ ಹಿಂದೆ ಸರಿದರು. ದೇಶಕ್ಕಾಗಿ ಆಡಲು ಅವರು ವರ್ಷಕ್ಕೆ 50,000 ಡಾಲರ್ ಕೇಳಿದ್ದರೆಂದು ಸಂಸ್ಥೆ ಹೇಳಿತು. ಆಟಗಾರರಿಗೆ ಸಂಭಾವನೆ ನೀಡುವುದು ಕ್ರೀಡೆಯಲ್ಲಿ ರೂಢಿಯಲ್ಲಿರುವ ಸಂಗತಿ, ತಾವು ಹಿಂದೆ ಸರಿದದ್ದು ಆರೋಗ್ಯದ ಕಾರಣಕ್ಕೆ ಎಂದು ನಗಾಲ್ ಉತ್ತರಿಸಿದರು. ಇದೇ ವೇಳೆ ಸಂಸ್ಥೆಯ ಚುನಾವಣೆಯ ಕ್ರಮಬದ್ಧತೆಯನ್ನು ಪ್ರಶ್ನಿಸಿ ಮಾಜಿ ಆಟಗಾರ ಸೋಮ್‌ದೇವ್ ಮತ್ತು ಪೂರವ್ ರಾಜಾ ದೆಹಲಿ ಹೈಕೋರ್ಟ್ ಮೊರೆಹೋಗಿದ್ದರು.

ಸ್ಟಾಕ್‌ಹೋಮ್‌ನಿಂದ ಬೀಲ್‌ವರೆಗೆ

ಸ್ಟಾಕ್‌ಹೋಮ್‌ನಲ್ಲಿ ಭಾರತವು ಸ್ವೀಡನ್‌ಗೆ 0–4ರಿಂದ ಸೋತಿತು. ಡಬಲ್ಸ್ ಪರಿಣತ ಎನ್. ಶ್ರೀರಾಮ್ ಬಾಲಾಜಿ ಅವರನ್ನು ಸಿಂಗಲ್ಸ್‌ನಲ್ಲಿ ಆಡಿಸಬೇಕಾಗಿ ಬಂದದ್ದು ತಂಡದ ಪರಿಸ್ಥಿತಿಗೆ ಕನ್ನಡಿ ಹಿಡಿಯಿತು. 2025ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಟೋಗೊ ತಂಡವನ್ನು 4–0ರಿಂದ ಸೋಲಿಸಿ ವರ್ಲ್ಡ್ ಗ್ರೂಪ್ ಒಂದರಲ್ಲಿ ಸ್ಥಾನ ಉಳಿಸಿಕೊಳ್ಳಲಾಯಿತು.

2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಬೀಲ್‌ನಲ್ಲಿ ಒಳಾಂಗಣ ಅಂಕಣದಲ್ಲಿ ನಡೆದ ಮುಖಾಮುಖಿಗೆ ನಗಾಲ್ ಎರಡು ವರ್ಷಗಳ ಬಳಿಕ ತಂಡಕ್ಕೆ ಮರಳಿದರು. ತಮಿಳುನಾಡಿನ ದಕ್ಷಿಣೇಶ್ವರ್ ಸುರೇಶ್ ಅವರಿಗೆ ಅದು ಪದಾರ್ಪಣೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ, ರ‍್ಯಾಂಕಿಂಗ್‌ನಲ್ಲಿ 600ಕ್ಕೂ ಕೆಳಗಿದ್ದ ಸುರೇಶ್ ಮೊದಲ ಪಂದ್ಯದಲ್ಲೇ ಜೆರೋಮ್ ಕಿಮ್ ಅವರನ್ನು ನೇರ ಸೆಟ್‌ಗಳಿಂದ ಸೋಲಿಸಿದರು. ನಗಾಲ್ ಅವರು ಮಾರ್ಕ್ ಆಂಡ್ರಿಯಾ ಹ್ಯೂಸ್ಲರ್ ವಿರುದ್ಧ ಗೆದ್ದು ಅಂತರವನ್ನು 2–0 ಮಾಡಿದರು. ಎರಡನೆಯ ದಿನ ಬಾಲಾಜಿ ಮತ್ತು ರಿತ್ವಿಕ್ ಬೊಲ್ಲಿಪಲ್ಲಿ ಜೋಡಿ ಡಬಲ್ಸ್‌ನಲ್ಲಿ ಸೋತಿತಾದರೂ, ಆ ವರ್ಷದ ಆಸ್ಟ್ರೇಲಿಯನ್ ಓಪನ್ ಬಾಲಕರ ಚಾಂಪಿಯನ್ ಹೆನ್ರಿ ಬರ್ನೆಟ್ ಅವರನ್ನು 6–1, 6–3ರಿಂದ ಮಣಿಸಿದ ನಗಾಲ್ ಜಯವನ್ನು ಖಚಿತಪಡಿಸಿದರು. ಯುರೋಪಿನ ತಂಡವೊಂದನ್ನು ಅದರ ನೆಲದಲ್ಲಿ ಭಾರತ ಸೋಲಿಸಿದ್ದು 1993ರ ಫ್ರೆಜೂಸ್ ಬಳಿಕ ಇದೇ ಮೊದಲು.

ಈ ಜಯದಲ್ಲಿ ಗಮನಿಸಬೇಕಾದ ಅಂಶವೆಂದರೆ ಅಂಕಗಳು ಬಂದ ಬಗೆ. ಮೂರೂ ಅಂಕಗಳು ಸಿಂಗಲ್ಸ್‌ನಿಂದ ಬಂದವು. ಸೋತದ್ದು ಡಬಲ್ಸ್ ಮಾತ್ರ. ಕೋಲ್ಕತ್ತ ಮತ್ತು ಜಾಗ್ರೆಬ್‌ನ ಫಲಿತಾಂಶಗಳಿಗೆ ಇದು ತದ್ವಿರುದ್ಧ. ಇಬ್ಬರು ಸಮರ್ಥ ಸಿಂಗಲ್ಸ್ ಆಟಗಾರರು ಒಟ್ಟಿಗೆ ಲಭ್ಯರಾದರೆ ತವರಿನ ಹುಲ್ಲಿನ ಅನುಕೂಲವಿಲ್ಲದೆಯೂ ಗೆಲ್ಲಬಹುದೆಂದು ಬೀಲ್ ತೋರಿಸಿತು. ಇದರ ಜೊತೆಗೆ ಸ್ವಿಸ್ ತಂಡದಲ್ಲಿ ಅಂದು ಸಿಂಗಲ್ಸ್ ಆಡಿದವರಲ್ಲಿ ಯಾರೂ ಅಗ್ರ 100ರೊಳಗೆ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಭಾರತದಲ್ಲಿಯೂ ಅಂತಹವರು ಯಾರೂ ಇರಲಿಲ್ಲ. ಆದ್ದರಿಂದ ಬೀಲ್‌ನ ಜಯವು ಸಮಬಲದ ತಂಡಗಳ ನಡುವಿನ ಸೆಣಸಾಟದಲ್ಲಿ ದೊರೆತದ್ದು. ಅಗ್ರಮಾನ್ಯ ಆಟಗಾರರಿರುವ ತಂಡದ ಎದುರು ಈ ಬಲ ಸಾಕಾಗುವುದೇ ಎಂಬ ಪ್ರಶ್ನೆಗೆ ಅದು ಉತ್ತರ ನೀಡುವುದಿಲ್ಲ.

ಕರ್ನಾಟಕದ ಪಾಲು

ಕೊಡಗಿನ ರೋಹನ್ ಬೋಪಣ್ಣ ಈ ತಂಡದಲ್ಲಿ ಅತಿ ದೀರ್ಘಕಾಲ ಆಡಿದ ಕನ್ನಡನಾಡಿನ ಆಟಗಾರ. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಐದನೆಯ ಸಿಂಗಲ್ಸ್ ಪಂದ್ಯವನ್ನು ಗೆದ್ದು ತಂಡವನ್ನು ವರ್ಲ್ಡ್ ಗ್ರೂಪ್‌ನಲ್ಲಿ ಉಳಿಸಿದವರು ಅವರೇ. 2025ರ ನವೆಂಬರ್‌ನಲ್ಲಿ ಅವರು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಅವರಿಗಿಂತ ಮೊದಲು ಮೈಸೂರಿನ ಪ್ರಹ್ಲಾದ್ ಶ್ರೀನಾಥ್ ತಂಡದಲ್ಲಿ ಆಡಿದ್ದರು. 2024ರಲ್ಲಿ ಇಸ್ಲಾಮಾಬಾದ್‌ನಲ್ಲಿ ಪದಾರ್ಪಣೆ ಮಾಡಿದ ನಿಕ್ಕಿ ಪೂಣಚ್ಚ ಕೂಡ ಕೊಡಗು ಮೂಲದವರು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣವು 2014ರಲ್ಲಿ ಸರ್ಬಿಯ ಮತ್ತು 2017ರಲ್ಲಿ ಉಜ್ಬೇಕಿಸ್ತಾನ ವಿರುದ್ಧದ ಮುಖಾಮುಖಿಗಳಿಗೆ ಆತಿಥ್ಯ ವಹಿಸಿತ್ತು. ಎರಡನೆಯದರಲ್ಲಿ ಭಾರತ 4–1ರಿಂದ ಗೆದ್ದಿತು. ಇದೇ ನಗರದ ಚಾಲೆಂಜರ್ ಟೂರ್ನಿಯನ್ನು 2017ರಲ್ಲಿ ನಗಾಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಗೆದ್ದಿದ್ದರು. ಇಬ್ಬರೂ ಮುಂದೆ ಅಗ್ರ 100ರೊಳಗೆ ಪ್ರವೇಶಿಸಿದರು. ತವರಿನ ಟೂರ್ನಿಗಳು ಸಿಂಗಲ್ಸ್ ಆಟಗಾರರ ಬೆಳವಣಿಗೆಗೆ ನೆರವಾಗುತ್ತವೆ ಎಂಬುದಕ್ಕೆ ಇದು ಹತ್ತಿರದ ಉದಾಹರಣೆ.

ಮುಂದಿನ ಹಾದಿ

2025ರಿಂದ ಸ್ಪರ್ಧೆಯಲ್ಲಿ ಎರಡು ಸುತ್ತಿನ ಅರ್ಹತಾ ಹಂತವಿದ್ದು, ಅಂತಿಮ ಹಂತದಲ್ಲಿ ಎಂಟು ತಂಡಗಳು ಆಡುತ್ತವೆ. ಬೀಲ್‌ನ ಜಯದಿಂದ ಭಾರತಕ್ಕೆ 2026ರ ಫೆಬ್ರವರಿಯ ಅರ್ಹತಾ ಮೊದಲ ಸುತ್ತಿನಲ್ಲಿ ಸ್ಥಾನ ದೊರೆಯಿತು. ಎದುರಾಳಿಯಾಗಿ ನಿಗದಿಯಾದದ್ದು 2024ರ ರನ್ನರ್‌ಅಪ್ ನೆದರ್ಲೆಂಡ್ಸ್, ತಾಣ ಬೆಂಗಳೂರು. ಅಂತಿಮ ಎಂಟರ ಹಂತ ತಲುಪಲು ಎರಡೂ ಸುತ್ತುಗಳನ್ನು ಗೆಲ್ಲಬೇಕು.

ಒಂದು ಮುಖಾಮುಖಿಯ ಫಲಿತಾಂಶಕ್ಕಿಂತ ತಂಡದ ಭವಿಷ್ಯವನ್ನು ನಿರ್ಧರಿಸುವ ಪ್ರಶ್ನೆಗಳು ಬೇರೆಯೇ ಇವೆ. ವರ್ಷವಿಡೀ ಸಿಂಗಲ್ಸ್ ಆಡಿ ಅಗ್ರ 200ರೊಳಗೆ ನಿಲ್ಲಬಲ್ಲ ಮೂರು ನಾಲ್ಕು ಆಟಗಾರರು ಏಕಕಾಲದಲ್ಲಿ ದೊರೆಯುವರೇ, ಅವರಿಗೆ ದೇಶದೊಳಗೆ ಸಾಕಷ್ಟು ಟೂರ್ನಿಗಳು ಮತ್ತು ನಿಶ್ಚಿತ ನೆರವು ಸಿಗುವುದೇ, ಆಟಗಾರರು ಮತ್ತು ಸಂಸ್ಥೆಯ ನಡುವೆ ಸಂಭಾವನೆ ಹಾಗೂ ಲಭ್ಯತೆಯ ಕುರಿತು ಲಿಖಿತ ಒಪ್ಪಂದ ಏರ್ಪಡುವುದೇ ಎಂಬವು ಅವುಗಳಲ್ಲಿ ಮುಖ್ಯವಾದವು. ಸೋಮ್‌ದೇವ್ ಮತ್ತು ಸುರೇಶ್ ಇಬ್ಬರೂ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೆಳೆದವರು ಎಂಬುದು ಒಂದು ಹಾದಿಯನ್ನು ಸೂಚಿಸುತ್ತದೆ. ದೇಶದೊಳಗಿನ ವ್ಯವಸ್ಥೆಯ ಕೊರತೆಯನ್ನೂ ಅದು ಎತ್ತಿ ತೋರಿಸುತ್ತದೆ. ಪೇಸ್, ಭೂಪತಿ ಮತ್ತು ಬೋಪಣ್ಣ ಅವರ ಕಾಲದಲ್ಲಿ ಡಬಲ್ಸ್‌ನ ಒಂದು ಅಂಕವು ಉಳಿದ ಕೊರತೆಗಳನ್ನು ಮರೆಮಾಚಿತ್ತು. ಆ ತಲೆಮಾರು ನಿರ್ಗಮಿಸಿರುವ ಈ ಹೊತ್ತಿನಲ್ಲಿ ಭಾರತದ ಡೇವಿಸ್ ಕಪ್ ತಂಡದ ಏಳಿಗೆಯು ಉಳಿದ ನಾಲ್ಕು ಪಂದ್ಯಗಳನ್ನು ಆಡುವವರ ಮೇಲೆ ನಿಂತಿದೆ.